ಕಲಗಚ್ಚಿನ ತೊಟ್ಟಿಯ ಮೀನು ಮೇಡಂ

ಮೀನಿನ ಊಟ ಹದವಾಗಿದೆಯಾ ಅಂತ ತಾನೇ ಬಾಯಿಗೆ ಹಾಕಿಕೊಂಡು ನೋಡುವ ಹೆಂಗಸನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಣುವುದೇನು ಬಂತು, ಅವರ ಜೊತೆ ಒಂದೇ ಕಾಂಪೌಂಡಿನಲ್ಲಿ ವರ್ಷಗಟ್ಟಲೆ ಇದ್ದೇನೆ. ತೌಡು, ಕಡಲೆಕಾಯಿ ಹಿಂಡಿ, ಬೆಳ್ಳುಳ್ಳಿ, ಮೆಂತ್ಯ ಎಲ್ಲ ಕಲಸಿ ಬೇಯಿಸಿದ ಮುದ್ದೆಯಿಂದ ಚಿಟಿಕೆಯಷ್ಟು ಕಿತ್ತು ನಾಲಿಗೆ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, "ಮೆಂತ್ಯ ಸ್ವಲ್ಪ ಮುಂದಾಯ್ತು ಅನ್ಸತ್ತೆ ರೀ," ಅನ್ನುತ್ತಿದ್ದರು. ಕಹಿಯಾದರೆ ಮೀನು ಬಂದು ಕಂಪ್ಲೇಂಟ್ ಮಾಡತ್ತಾ ಮೇಡಂ ಅಂತ ನಾನು ರೇಗಿಸಿದರೆ, "ಮಾಡಲ್ಲವಲ್ಲ, ಅದಕ್ಕೇ ನಾನು ನೋಡ್ಬೇಕು," ಅನ್ನೋರು. ವಿಶೇಷ ಏನಪ್ಪಾ ಅಂದರೆ, ಈ ಹೆಂಗಸು ತನ್ನ ಜನ್ಮದಲ್ಲಿ ಒಂದು ದಿನವೂ ಮೀನು ತಿಂದವರಲ್ಲ.

ಮೇಡಂ ಈಗಿಲ್ಲ. ನಿವೃತ್ತರಾದ ಮೇಲೆ ನಮ್ಮನೆ ಬಿಟ್ಟು ಹೋಗಿದ್ದರು. ಅವರ ಕಾಲೇಜಿನವರೊಬ್ಬರು ಜಯನಗರ ಕಾಂಪ್ಲೆಕ್ಸ್ ಹತ್ತಿರ ಸಿಕ್ಕಿ ವಿಷಯ ಹೇಳಿದಾಗ ಕಾರ್ಯವೆಲ್ಲ ಮುಗಿದುಹೋಗಿತ್ತು. ಕೊನೇ ಸಲ ಮುಖ ನೋಡೋಕೂ ಆಗಲಿಲ್ಲವಲ್ಲ ಅಂತ ಮನೆಗೆ ಬಂದವಳು ಗಂಡನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಮೇಡಂ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಬೀದಿಯಲ್ಲಿ ಅದು ಯಾರಿಗೂ ಗೊತ್ತೂ ಇರಲಿಲ್ಲ. ಮೀನು ಮೇಡಂ ಮನೆ ಯಾವುದು ಅಂದರೆ ಕನಕಪುರ ರಸ್ತೆಯ ಬಸ್ ಸ್ಟಾಪಿನಿಂದಲೇ ಕೈ ತೋರಿಸುತ್ತಿದ್ದರು.

ಅವರು ನಮ್ಮನೆಗೆ ಬಾಡಿಗೆಗೆ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಜರಗನಹಳ್ಳಿ ಆಗ ಅರ್ಧ ಹಳ್ಳಿ, ಅರ್ಧ ಜೆ.ಪಿ. ನಗರ. ನಮ್ಮ ಹೊಲ ಲೇಔಟಿಗೆ ಹೋಗಿತ್ತು, ಅಪ್ಪ ತೀರಿಕೊಂಡಿದ್ದರು, ಹಸುಗಳನ್ನು ಮಾರಿಯಾಗಿತ್ತು. ಉಳಿದದ್ದು ಹಿತ್ತಲಿನ ಹೊಂಗೆ ಮರದ ಕೆಳಗೆ ಸಾಲಾಗಿ ಕಟ್ಟಿಸಿದ್ದ ಸಿಮೆಂಟ್ ತೊಟ್ಟಿಗಳು. ಹಸುಗಳಿಗೆ ಕಲಗಚ್ಚು ಹಾಕುತ್ತಿದ್ದದ್ದು ಅವುಗಳಲ್ಲೇ. ಪಕ್ಕಕ್ಕೆ ಎರಡು ಸಣ್ಣ ಮನೆ ಕಟ್ಟಿಸಿ ಅಮ್ಮ ಬಾಡಿಗೆಗೆ ಬಿಟ್ಟಿದ್ದರು. ನಾನು ಜಯನಗರದ ಒಂದು ಸ್ಕೂಲಿನ ಆಫೀಸಿನಲ್ಲಿ ಕೆಲಸ ಮಾಡಿಕೊಂಡು, ಗಂಡನ ಜೊತೆ ಮುಂದಿನ ಭಾಗದಲ್ಲಿ ಅಮ್ಮನ ಆಸರೆಗಿದ್ದೆ.

ಮನೆ ನೋಡೋಕೆ ಬರುವವರು ಸಾಮಾನ್ಯವಾಗಿ ನಲ್ಲಿ ತಿರುಗಿಸಿ ನೋಡುತ್ತಾರೆ, ಅಡುಗೆಮನೆ ಕಿಟಕಿ ನೋಡುತ್ತಾರೆ. ಇವರು ಒಳಗೆ ಕಾಲೇ ಇಡಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ ತೊಟ್ಟಿಯೊಳಗೆ ಬಗ್ಗಿ, ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ, "ಇವೂ ಬಾಡಿಗೆಗೆ ಸೇರತ್ತಾ ಅಮ್ಮ?" ಅಂತ ಕೇಳಿದರು.

"ದನ ಕಟ್ತೀರಾ?" ಅಂದರು ಅಮ್ಮ.

"ಇಲ್ಲಮ್ಮ, ಮೀನು."

ಅಮ್ಮನ ಮುಖ ಅರಳಿತು. ಭಾನುವಾರದ ಮೀನುಸಾರು ಹಿತ್ತಲಿಗೇ ಬಂತು ಅಂದುಕೊಂಡರು, ಪಾಪ. ತಿನ್ನೋಕಲ್ಲ, ಬರೀ ಸಾಕಿ ತೂಗಿ ನೋಡೋಕೆ ಅಂತ ತಿಳಿದಾಗ ನನ್ನನ್ನು ಒಳಗೆ ಕರೆದು, "ತಲೆಗಿಲೆ ಸರಿಗೈತಾ ಕೇಳವ್ವ," ಅಂದರು.

ತಲೆ ಸರಿಯಾಗಿಯೇ ಇತ್ತು. ಡಿಗ್ರಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್. ವಯಸ್ಸು ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಹುಟ್ಟಿ ಬೆಳೆದದ್ದು ಇದೇ ಊರಿನ ಶ್ರೀನಗರ. ಅಲ್ಲಿ ತಮ್ಮನ ಮನೆಯ ತಾರಸಿ ಮೇಲೆ ಡ್ರಮ್ಮಿನಲ್ಲಿ ಮೀನು ಸಾಕಿದ್ದರಂತೆ. ಒಂದು ದಿನ ತಮ್ಮನ ಹೆಂಡತಿ, ಈ ಮನೇಲಿ ಒಂದೋ ನಾನಿರಬೇಕು ಇಲ್ಲ ಮೀನಿರಬೇಕು ಅಂದರಂತೆ. "ಪಾಪ, ಅವಳದ್ದೇನೂ ತಪ್ಪಿಲ್ಲ ರೀ. ವಾಸನೆ ನನಗೇ ತಡೆಯಕ್ಕಾಗ್ತಿರಲಿಲ್ಲ," ಅಂತ ಇವರೇ ನಗುತ್ತಾ ಹೇಳಿದರು.

ಯಾರು ಏನು ಹೇಳಿದರೂ ಅವರ ಬಾಯಿಂದ ಬರುವುದು ಒಂದೇ ಮಾತು: "ಇರಬಹುದು, ನೋಡೋಣ." ಇಲ್ಲ ಅನ್ನುತ್ತಿರಲಿಲ್ಲ, ಹೌದು ಅಂತಲೂ ಒಪ್ಪುತ್ತಿರಲಿಲ್ಲ. ತರಕಾರಿ ಗಾಡಿಯವನು ಒಮ್ಮೆ, ತನ್ನ ಅವರೆಕಾಯಿಯೇ ಬೇರೆ, ಸಾರಕ್ಕಿ ಮಾರ್ಕೆಟ್ಟಿನದಕ್ಕೆ ಈ ಸೊಗಡಿಲ್ಲ ಮೇಡಂ ಅಂದ. "ಇರಬಹುದು, ನೋಡೋಣ," ಅಂದ ಈ ಪುಣ್ಯಾತಗಿತ್ತಿ ಅವನ ಹತ್ತಿರವೂ ತಗೊಂಡು, ಸಾರಕ್ಕಿಗೂ ಹೋಗಿ ತಗೊಂಡು ಬಂದು, ಎರಡನ್ನೂ ಬೇರೆಬೇರೆ ಪಾತ್ರೆಯಲ್ಲಿ ಬೇಯಿಸಿ, ಯಾವುದು ಯಾವುದು ಅಂತ ಹೇಳದೆ ನಮ್ಮ ಮುಂದೆ ಇಟ್ಟರು. ಇದೇ ಗಾಡಿಯದ್ದು, ಇದೇ ಚೆನ್ನಾಗಿದೆ ಅಂತ ನಾನು ತೋರಿಸಿದ್ದು ಸಾರಕ್ಕಿಯದ್ದಾಗಿತ್ತು. ಮಾರನೇ ದಿನ ಗಾಡಿಯವನಿಗೆ ಅದನ್ನು ಹೇಳಿಬಿಡಬೇಕೆ! ಅವನು ಒಂದು ವಾರ ನನ್ನ ಮುಖ ನೋಡಲಿಲ್ಲ.

ಮೀನಿನ ವಿಷಯ ಅವರು ನನಗೆ ಬಿಡಿಸಿ ಹೇಳಿದ್ದು ತಾರಸಿ ಮೇಲೆ. ಭಾನುವಾರ ಬೆಳಿಗ್ಗೆ ಚಕ್ಕುಲಿ ಒರಳು ಹಿಡಿದು ಕೂರುತ್ತಿದ್ದರು. ಬೇಯಿಸಿದ ಮುದ್ದೆಯನ್ನು ಅದಕ್ಕೆ ತುಂಬಿ, ಹಳೇ ಪಂಚೆ ಮೇಲೆ ಎಳೆಎಳೆಯಾಗಿ ಒತ್ತಿ ಒಣಗಿಸಿ, ಆಮೇಲೆ ಕೈಯಲ್ಲಿ ಚೂರು ಮಾಡುತ್ತಿದ್ದರು. ಎದುರುಮನೆ ತಾರಸಿಯಿಂದ ನೋಡಿದವರು, ಏನ್ರೀ ನಿಮ್ಮನೇಲಿ ವರ್ಷಪೂರ್ತಿ ಸಂಡಿಗೆ ಹಾಕ್ತೀರಾ ಅಂತ ಕೇಳಿದ್ದುಂಟು.

"ಮೀನು ಬೇಗ ದಪ್ಪ ಆಗ್ಲಿ, ಕಾಯಿಲೆ ಬೀಳದೇ ಇರ್ಲಿ ಅಂತ ಕೆಲವು ಕಡೆ ಮೇವಿಗೆ ಔಷಧಿ ಬೆರೆಸ್ತಾರೆ ರೀ," ಅಂದರು ಒರಳು ತಿರುಗಿಸುತ್ತಾ. "ಅದು ನೀರಿಗೂ ಹೋಗತ್ತೆ, ತಿನ್ನೋರ ಹೊಟ್ಟೆಗೂ ಹೋಗತ್ತೆ. ನಮ್ಮ ಅಡುಗೆಮನೆ ಡಬ್ಬಗಳಲ್ಲೇ ಆ ಕೆಲಸ ಮಾಡೋ ಪದಾರ್ಥ ಇದ್ಯಾ ಅಂತ ನನ್ನ ಪ್ರಶ್ನೆ. ಬಾಣಂತಿಗೆ ಬೆಳ್ಳುಳ್ಳಿ, ಮೆಂತ್ಯ ಯಾಕೆ ಕೊಡ್ತೀವಿ ಹೇಳಿ?"

"ಅರಗಲಿ ಅಂತ. ಶಕ್ತಿ ಬರ್ಲಿ ಅಂತ."

"ಹಾಗಂತ ನಾವು ಹೇಳ್ತೀವಿ. ಇರಬಹುದು. ಮೀನಿಗೂ ಹಾಗೇ ಆಗತ್ತಾ? ತಿಂದಿದ್ದು ಚೆನ್ನಾಗಿ ಅರಗಿ ಮೈಗೆ ಹತ್ತತ್ತಾ? ಅಷ್ಟೇ ಮೇವಲ್ಲಿ ಸ್ವಲ್ಪ ಜಾಸ್ತಿ ಬೆಳೆಯತ್ತಾ? ಅಷ್ಟು ಗೊತ್ತಾದ್ರೆ ಸಾಕು ನನಗೆ."

ಅಷ್ಟನ್ನು ತಿಳಿಯಲು ಅವರು ಪಿಎಚ್.ಡಿ.ಗೆ ಸೇರಿದ್ದರು. ಕಾಲೇಜಿನ ಪಾಠ, ಪೇಪರ್ ತಿದ್ದೋದು, ಇನ್ವಿಜಿಲೇಷನ್ ಎಲ್ಲದರ ನಡುವೆ ಅದು ಎಳೆದು ಎಳೆದು ಬಂದು, ಕೊನೆಗೆ ಯೂನಿವರ್ಸಿಟಿಯವರು ಒಂದು ಸಲ ಗಡುವು ಮುಂದಕ್ಕೆ ಹಾಕಿ, ಇದೇ ಕಡೇದು ಅಂದುಬಿಟ್ಟಿದ್ದರು. ಅಷ್ಟರೊಳಗೆ ತೀಸಿಸ್ ಕೊಡದಿದ್ದರೆ ಡಾಕ್ಟರೇಟ್ ಆಸೆಯನ್ನೇ ಬಿಡಬೇಕು. ಅವರಿಗೆ ಆ ಆಸೆ ಇತ್ತು. ಇರಲಿಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಗೇಟಿನ ಪಕ್ಕದ ಗೋಡೆ ತೋರಿಸಿ, "ಆದ್ಮೇಲೆ ಇಲ್ಲೊಂದು ಬೋರ್ಡ್ ಹಾಕ್ಕೋತೀನಿ, ಅಮ್ಮ ಬಿಡ್ತಾರಾ?" ಅಂತ ಒಂದು ದಿನ ಕೇಳಿದ್ದರು. ಕೇಳಿ, ತಾವೇ ನಾಚಿಕೊಂಡರು.

ಊಟದ ಡಬ್ಬಿಯ ಕತೆಯೊಂದಿದೆ, ಅದನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಅವರ ಊಟದ ಡಬ್ಬಿ, ಮೀನಿನ ಮೇವಿನ ಡಬ್ಬಿ ಎರಡೂ ಒಂದೇ ಥರದ ಸ್ಟೀಲ್ ಡಬ್ಬಿ. ಒಂದು ದಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಮುಚ್ಚಳ ತೆಗೆದರೆ ಮೀನಿನ ಮೇವು! ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹೋದರಂತೆ. ನಮ್ಮ ಮೇಡಮ್ಮಿಗೆ ಮಾತ್ರ ತಲೆಬಿಸಿಯಾದದ್ದು ಬೇರೆಯೇ. ಹಾಗಾದರೆ ಮನೆಯಲ್ಲಿ ಬೆಳಿಗ್ಗೆ ಅವಸರದಲ್ಲಿ ತೊಟ್ಟಿಗೆ ಸುರಿದದ್ದು ಚಿತ್ರಾನ್ನವಾ ಅಂತ! ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿ ಓಡಿಬಂದರು. ಪುಣ್ಯಕ್ಕೆ ಚಿತ್ರಾನ್ನ ಕಟ್ಟೆ ಮೇಲೇ ಇತ್ತು. "ಹಾಕಿದ್ರೆ ಏನಾಗ್ತಿತ್ತು ಅಂತ ನೋಡ್ಬಹುದಿತ್ತು," ಅಂತ ಅದನ್ನು ಅಲ್ಲೇ ಕೂತು ತಿಂದರು.

ಈಗ ನಮ್ಮಮ್ಮನ ವಿಷಯ ಹೇಳಬೇಕು. ನಮ್ಮ ಸುತ್ತಿನಲ್ಲಿ ಅಮ್ಮ ಬಡಿಸುವುದಕ್ಕೆ ಹೆಸರಾದವರು. ಮದುವೆ, ನಾಮಕರಣ, ತಿಥಿ ಏನಿದ್ದರೂ ಬಡಿಸೋಕೆ ಅವರಿದ್ದರೆ ಯಾರಿಗೂ ಕಡಿಮೆಯಾಗಲ್ಲ ಅನ್ನುವ ಮಾತಿತ್ತು. ಬೇಗೂರಿನ ಕಡೆ ನೆಂಟರ ಮದುವೆಯೊಂದರಲ್ಲಿ ಗಂಡಿನ ಕಡೆಯವರ ಸಾಲಿಗೆ ಮಾತ್ರ ತುಪ್ಪ ಹಾಕಿ ಅಂತ ಯಾರೋ ಹಿರಿಯರು ಹೇಳಿದ್ದಕ್ಕೆ, ಅಮ್ಮ ತುಪ್ಪದ ಗಿಂಡಿಯನ್ನು ಅಲ್ಲೇ ಕೆಳಗಿಟ್ಟು, "ಪಂಕ್ತಿಭೇದ ಮಾಡೋಕೆ ಬೇರೆ ಯಾರನ್ನಾದ್ರೂ ನೋಡ್ಕಳಿ," ಅಂದು ಕೈ ತೊಳೆದುಕೊಂಡಿದ್ದರು. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬರಿಗೆ ಒಂದು ಥರ, ಇನ್ನೊಬ್ಬರಿಗೆ ಇನ್ನೊಂದು ಥರ ಬಡಿಸುವುದಕ್ಕಿಂತ ದೊಡ್ಡ ಪಾಪ ಅಮ್ಮನ ಪ್ರಕಾರ ಇರಲಿಲ್ಲ. ಹಸುಗಳು ಹೋದ ಮೇಲೆ ಅವರ ಕೈಗೆ ದಿನಾ ಉಣ್ಣಿಸುವ ಕೆಲಸವೇ ಇಲ್ಲದೆ, ಹಿತ್ತಲಿಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದರು.

ಅಂಥ ಹಿತ್ತಲಿನಲ್ಲಿ ಮೇಡಂ ತಮ್ಮ ಕಡೇ ಪರೀಕ್ಷೆ ಶುರು ಮಾಡಿದರು. ಬೇಗೂರಿನ ಹತ್ತಿರ ಕೊಳ ಮಾಡಿಕೊಂಡು ಮೀನು ಸಾಕುತ್ತಿದ್ದ ಒಬ್ಬರು ಗೆಂಡೆ ಮೀನಿನ ಮರಿ ಕೊಟ್ಟಿದ್ದರು. ಎಲ್ಲ ಒಂದೇ ವಯಸ್ಸಿನವು, ಒಂದೇ ಗಾತ್ರದವು. ಅರ್ಧ ತೊಟ್ಟಿಗಳಿಗೆ ಬೆಳ್ಳುಳ್ಳಿ, ಮೆಂತ್ಯ ಬೆರೆಸಿದ ಮೇವು. ಉಳಿದರ್ಧಕ್ಕೆ ಬರೀ ತೌಡು ಹಿಂಡಿಯ ಮೇವು. ಅಳತೆ ಒಂದೇ, ಹೊತ್ತು ಒಂದೇ. ಕೊನೆಗೆ ಎಲ್ಲವನ್ನೂ ತೂಗಿ, ಬೆಳ್ಳುಳ್ಳಿ ತಿಂದವು ಹೆಚ್ಚು ಬೆಳೆದಿವೆಯಾ ನೋಡುವುದು. ಇಷ್ಟೇ ಸರಳ. "ಅಮ್ಮ, ಇವಕ್ಕೆ ನಾನು ಹಾಕಿದ್ದು ಬಿಟ್ಟು ಬೇರೆ ಏನೂ ಹಾಕ್ಬೇಡಿ. ಅನ್ನ, ಮುದ್ದೆ, ಏನೂ ಬೇಡ," ಅಂತ ಮೇಡಂ ಹೇಳಿದರು. ಅಮ್ಮ, "ಅಯ್ಯೋ ನಾನ್ಯಾಕ್ ಹಾಕ್ಲವ್ವ," ಅಂದರು. ಮಾತು ಉಳಿಸಿಕೊಂಡರು ಕೂಡ. ಅನ್ನ ಹಾಕಲಿಲ್ಲ, ಮುದ್ದೆ ಹಾಕಲಿಲ್ಲ.

ತಿಂಗಳುಗಳು ಕಳೆದವು. ಮೇಡಂ ಸೊಳ್ಳೆಪರದೆ ಬಟ್ಟೆಯಲ್ಲಿ ಹೊಲಿದ ಬಲೆಯಿಂದ ಮೀನನ್ನು ಹಿಡಿದು, ನೀರಿರುವ ಪಾತ್ರೆಯಲ್ಲಿ ಬಿಟ್ಟು ತೂಗಿ, ತಕ್ಷಣ ವಾಪಸ್ ಬಿಡುತ್ತಿದ್ದರು. ಹಾಗೆ ಹಿಡಿಯುವಾಗ, "ಒಂದೇ ನಿಮಿಷ ಕಣೋ, ಆಯ್ತು, ಆಯ್ತು," ಅಂತ ಮಕ್ಕಳಿಗೆ ಇಂಜೆಕ್ಷನ್ ಕೊಡಿಸುವವರ ಹಾಗೆ ಸಮಾಧಾನ ಹೇಳುವರು. ಮೀನು ಚೆನ್ನಾಗೇ ಬೆಳೆದವು. ಆದರೆ ಎಲ್ಲ ತೊಟ್ಟಿಯವೂ ಒಂದೇ ಸಮ ಬೆಳೆದವು.

ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರಿಗೆ ಬೇಜಾರಿಗಿಂತ ಕುತೂಹಲವೇ ಜಾಸ್ತಿಯಾಯಿತು. ಹೊಂಗೆ ಎಲೆ ನೀರಿಗೆ ಬಿದ್ದು ಏನಾದರೂ ಆಗಿದೆಯಾ, ಒಂದು ಕಡೆ ಬಿಸಿಲು ಹೆಚ್ಚಾ, ಹಳೇ ಕಲಗಚ್ಚಿನ ಜಿಡ್ಡು ಸಿಮೆಂಟಿನಲ್ಲಿ ಉಳಿದಿದೆಯಾ ಅಂತ ಎಲ್ಲವನ್ನೂ ಕೆದಕಿ ನೋಡಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಛತ್ರಿ ಹಿಡಿದು ತೊಟ್ಟಿಯ ನೆರಳು ನೋಡುತ್ತಾ ಕೂತಿದ್ದವರನ್ನು ನಾನೇ ಬೈದು ಎಬ್ಬಿಸಿಕೊಂಡು ಬಂದಿದ್ದೇನೆ. ಏನೂ ಸಿಗಲಿಲ್ಲ. ಅವರ ಗೈಡು, ಪರಿಣಾಮ ಇಲ್ಲ ಅನ್ನೋದೂ ಒಂದು ಫಲಿತಾಂಶವೇ, ಹಾಗೇ ಬರೆದು ಮುಗಿಸಿಬಿಡಿ ಅಂದರಂತೆ. ಗಡುವು ಹತ್ತಿರ ಬಂದಿತ್ತು. ಬರೆದರು.

ಜಯನಗರದಲ್ಲಿ ಟೈಪ್ ಮಾಡಿಸಿ, ಕಪ್ಪು ರೆಕ್ಸಿನ್ ಬೈಂಡ್ ಹಾಕಿಸಿದ ತೀಸಿಸನ್ನು ಯೂನಿವರ್ಸಿಟಿಗೆ ಕೊಡುವ ಹಿಂದಿನ ಸಂಜೆ ನಮ್ಮನೆಗೆ ತಂದರು. ದೇವರ ಮುಂದಿಟ್ಟು ಕುಂಕುಮ ಹಚ್ಚಿಕೊಡಿ ಅಂತ ಅಮ್ಮನ ಕೈಗೇ ಕೊಟ್ಟರು. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಭಾರ ನೋಡಿ, "ಇಷ್ಟು ದಪ್ಪ ಏನ್ ಬರ್ದಿದೀರಿ ತಾಯಿ?" ಅಂತ ಕೇಳಿದರು.

"ಕಡೇಲಿ ಇಷ್ಟೇ ಅಮ್ಮ, ಬೆಳ್ಳುಳ್ಳಿ ಹಾಕಿದ್ರೂ ಒಂದೇ, ಹಾಕದೇ ಇದ್ರೂ ಒಂದೇ ಅಂತ."

ಅಮ್ಮ ನಕ್ಕರು. "ಹಾಕದೇ ಯಾರಿದ್ರು? ಎಲ್ಲಕ್ಕೂ ಹಾಕ್ತಿದ್ನಲ್ಲ."

ನಾನು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. ಅಮ್ಮನಿಗೆ ತಪ್ಪು ಮಾಡಿದೆ ಅನ್ನುವ ಯೋಚನೆಯೇ ಇರಲಿಲ್ಲ. ತಾವು ಮಾಡಿದ ಒಳ್ಳೇ ಕೆಲಸವನ್ನು ಹೇಳಿಕೊಳ್ಳುತ್ತಿದ್ದರು. "ನೀವು ಕಾಲೇಜಿಗೆ ಹೋದ್ಮೇಲೆ ಹಿತ್ಲಿಗೆ ಹೋಗ್ತಿದ್ನಾ, ಈ ಕಡೆ ತೊಟ್ಟೀವು ಬಾಯಿ ಬಾಯಿ ಬಿಟ್ಕಂಡು ಮೇಲಕ್ಕೆ ಬರೋವು. ಪಕ್ಕದವಕ್ಕೆ ಘಮಘಮ ಅಂತ ಒಗ್ಗರಣೆ ಊಟ, ಇವಕ್ಕೆ ಸಪ್ಪೆ. ಒಂದೇ ಸಾಲಲ್ಲಿರೋ ಜೀವಗಳು. ಮನಸ್ಸು ಹೆಂಗೆ ಬರತ್ತೆ? ನೀವು ಬೇರೆ ಏನೂ ಹಾಕ್ಬ್ಯಾಡಿ ಅಂದಿದ್ರಿ. ನಾನು ಬೇರೆ ಏನೂ ಹಾಕಿಲ್ಲ. ನಿಮ್ಮ ಡಬ್ಬದ್ದೇ ಬೆಳ್ಳುಳ್ಳಿ ಮೇವು ಒಂದೊಂದು ಹಿಡಿ ಹಾಕ್ದೆ. ಆಮೇಲೆ ಪಕ್ಕದವಕ್ಕೆ ಕಮ್ಮಿ ಆಯ್ತಲ್ಲ ಅಂತ ಅವುಕ್ಕೂ ಸಪ್ಪೇದು ಒಂದೊಂದು ಹಿಡಿ."

ಮೇಡಂ ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತರು. ಇಲ್ಲಿ ನಾನು ಅಳು ಬರುತ್ತದೆ, ಕೂಗಾಟ ಆಗುತ್ತದೆ ಅಂತ ಕಾದೆ. ಅವರು ಕೇಳಿದ್ದೇನು ಗೊತ್ತಾ? "ಯಾವಾಗಿಂದ ಅಮ್ಮ?" ಅಂತ. ಮೊದಲಿಂದಲೂ ಅಂದರು ಅಮ್ಮ. "ಹಿಡಿ ಅಂದ್ರೆ ಎಷ್ಟು, ತೋರಿಸಿ?" ಅಮ್ಮ ಕೈ ಚಾಚಿ ತೋರಿಸಿದರು. ಮೇಡಂ ಅಮ್ಮನ ಅಂಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ದಿನಾ ತಿಂದು ಮುಗಿಸ್ತಿದ್ವಾ? ಉಳೀತಿರಲಿಲ್ವಾ?" "ಅಯ್ಯೋ, ಒಂದು ಅಗುಳು ಬಿಡ್ತಿರಲಿಲ್ಲ." "ಹೌದಾ," ಅಂದರು ಮೇಡಂ. ಅವರ ಕಣ್ಣಿನಲ್ಲಿ ನೀರಿತ್ತು, ಮುಖದಲ್ಲಿ ಮಾತ್ರ ಅವರೆಕಾಯಿ ಬೇಯಿಸಿದ ದಿನದ ಅದೇ ಕುತೂಹಲ. ಇಂಥ ಮನುಷ್ಯರನ್ನು ಏನು ಮಾಡೋದು ಹೇಳಿ!

ಅಮ್ಮ ದೀಪ ಹಚ್ಚೋಕೆ ಒಳಗೆ ಹೋದ ಮೇಲೆ ನಾನು ಅವರ ಮೇಲೆ ಹಾರಿಬಿದ್ದೆ. "ಮೇಡಂ, ಸುಮ್ನೆ ನಾಳೆ ಹೋಗಿ ಕೊಟ್ಬಿಡಿ. ಅಮ್ಮ ಯಾರಿಗೆ ಹೇಳ್ತಾರೆ? ನಾನಂತೂ ಬಾಯಿ ಬಿಡಲ್ಲ."

"ಕೊಟ್ರೆ ಲೈಬ್ರರೀಲಿ ಇಡ್ತಾರೆ ರೀ," ಅಂದರು. "ನಾಳೆ ಇನ್ಯಾರೋ ಓದ್ತಾರೆ. ಓಹೋ, ಬೆಳ್ಳುಳ್ಳಿ ದಂಡ ಅಂತ ಬಿಟ್ಬಿಡ್ತಾರೆ. ಅದು ನಿಜವೋ ಸುಳ್ಳೋ ನನಗೇ ಇನ್ನೂ ಗೊತ್ತಿಲ್ಲ."

"ನಿಮಗೆ ಡಾಕ್ಟರೇಟ್ ಬೇಡ್ವಾ ಹಾಗಾದ್ರೆ?"

"ಬೇಕಿತ್ತು," ಅಂದರು. ಆ ಒಂದು ಮಾತನ್ನು ಅವರು ಹೇಳಿದ ರೀತಿ ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಮಾರನೇ ದಿನ ಅವರು ಯೂನಿವರ್ಸಿಟಿಗೆ ಹೋಗಿ ಬಂದರು. ಏನಾಯ್ತು ಅಂತ ಕೇಳಿದೆವು. "ಟೈಮ್ ಮುಗೀತಂತೆ, ಬಿಡಿ. ಇನ್ನೊಂದ್ಸಲ ಮಾಡೋಣ, ಈಗ ಗಡಿಬಿಡಿ ಇಲ್ಲ," ಅಂದರು. ಅಮ್ಮನಿಗೆ ಅದರಲ್ಲಿ ತಮ್ಮ ಪಾಲು ಎಷ್ಟು ಅನ್ನುವುದು ತಿಳಿಯಲೇ ಇಲ್ಲ. ಪರೀಕ್ಷೆ ಇನ್ನೊಂದು ಸಲ ಬರೆಯುವ ಹಾಗೆ ಇದೂ ಏನೋ ಅಂದುಕೊಂಡರು. ಮೇಡಂ ನನಗೆ ಕಣ್ಣಲ್ಲೇ ಸುಮ್ಮನಿರಿ ಅಂದದ್ದರಿಂದ ನಾನೂ ಬಾಯಿ ಮುಚ್ಚಿಕೊಂಡೆ.

ಎರಡನೇ ಸಲ ಶುರು ಮಾಡುವ ಮೊದಲು ಮೇಡಮ್ಮಿಗೆ ಒಂದು ದೊಡ್ಡ ಯೋಚನೆಯಾಯಿತು. ಅಮ್ಮನನ್ನು ತಡೆಯುವುದು ಹೇಗೆ? ಬೀಗ ಹಾಕಿ ಮೇಡಂ ಅಂದೆ ನಾನು. ಅಮ್ಮನ ಮನೆಯಲ್ಲಿ ಅಮ್ಮನಿಗೇ ಬೀಗವಾ ಅಂತ ನನ್ನನ್ನೇ ಗದರಿದರು. ಒಂದು ವಾರ ಯೋಚನೆ ಮಾಡಿದವರು, ಕೊನೆಗೆ ಅಮ್ಮನ ಪಕ್ಕ ಹಿತ್ತಲ ಮೆಟ್ಟಿಲ ಮೇಲೆ ಕೂತು ಕೇಳಿದರು: "ಅಮ್ಮ, ಮದುವೆ ಮನೇಲಿ ಜನ ಜಾಸ್ತಿ ಆದ್ರೆ ಎಲ್ರನ್ನೂ ಒಟ್ಟಿಗೆ ಕೂರಿಸ್ತೀರಾ?"

"ಅದೆಂಗಾಗತ್ತೆ? ಒಂದು ಪಂಕ್ತಿ ಎದ್ಮೇಲೆ ಇನ್ನೊಂದು."

"ಎರಡನೇ ಪಂಕ್ತಿಯವರು ಕಾಯ್ತಾರಲ್ಲ, ಅದು ಪಂಕ್ತಿಭೇದಾನಾ?"

"ಛೆ, ಅದ್ಯಾಕೆ? ಅವ್ರಿಗೂ ಅದೇ ಊಟ ತಾನೆ ಸಿಗೋದು."

"ಹಾಗಾದ್ರೆ ಈ ಕಡೆ ತೊಟ್ಟೀವು ಎರಡನೇ ಪಂಕ್ತಿ ಅಮ್ಮ. ನಾನು ತೂಗಿ ಮುಗಿಸೋವರೆಗೂ ಕಾಯಲಿ. ಆಮೇಲೆ ನೀವೇ ನಿಮ್ಮ ಕೈಯಾರೆ ಬೆಳ್ಳುಳ್ಳಿ ಮೇವು ಹೊಟ್ಟೆ ತುಂಬ ಬಡಿಸಿ. ನಾನು ಮಾತು ಕೊಡ್ತೀನಿ."

ಅಮ್ಮ ತೊಟ್ಟಿಗಳ ಕಡೆ ನೋಡಿದರು, ಮೇಡಂ ಮುಖ ನೋಡಿದರು, ಆಗಲಿ ಅಂತ ತಲೆಯಾಡಿಸಿದರು. ಅಷ್ಟು ತಿಂಗಳೂ ಮೇವಿನ ಡಬ್ಬದ ಹತ್ತಿರ ಅಮ್ಮ ಹೋಗಲಿಲ್ಲ. ಸಪ್ಪೆ ಮೇವಿನ ತೊಟ್ಟಿಗಳ ಮುಂದೆ ನಿಂತು, "ತಡ್ಕಳ್ರಪ್ಪ, ಇನ್ನೊಂದು ಸ್ವಲ್ಪ ದಿನ," ಅಂತ ಹೇಳಿ ಬರುತ್ತಿದ್ದರು.

ಆ ಸಲ ವ್ಯತ್ಯಾಸ ಕಂಡಿತು. ಕಣ್ಣಿಗೆ ಹೊಡೆಯುವಷ್ಟೇನಲ್ಲ, ತೂಗಿದರೆ ಗೊತ್ತಾಗುವಷ್ಟು. ಬೆಳ್ಳುಳ್ಳಿ, ಮೆಂತ್ಯ ತಿಂದವು ಮುಂದಿದ್ದವು, ಎಲ್ಲ ತೊಟ್ಟಿಯಲ್ಲೂ ಮುಂದಿದ್ದವು. ಮೇಡಂ ನಂಬದೆ ಎಲ್ಲವನ್ನೂ ಮತ್ತೆ ತೂಗಿದರು. ಆಮೇಲೆ ಹೊಂಗೆ ಮರಕ್ಕೆ ಒರಗಿ ನಿಂತು, "ಇದೆ ರೀ, ನಿಜವಾಗ್ಲೂ ಇದೆ," ಅಂದರು. ಅವರು ನೋಡೋಣ ಅನ್ನದೆ ಇದೆ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವತ್ತು ಅಮ್ಮ ಎರಡನೇ ಪಂಕ್ತಿಗೆ ಬಡಿಸಿದ್ದನ್ನು ನೋಡಬೇಕಿತ್ತು. ಹಬ್ಬವೇ ಹಬ್ಬ. ಕೊನೆಗೆ ಮೀನುಗಳನ್ನೆಲ್ಲ ಬೇಗೂರಿನವರ ಕೊಳಕ್ಕೆ ಬಿಟ್ಟರು. ಅಮ್ಮ ಒಂದನ್ನೂ ಸಾರಿಗೆ ಕೇಳಲಿಲ್ಲ. ಕೈಯಾರೆ ಉಣ್ಣಿಸಿದವನ್ನ ತಿನ್ನಕ್ಕಾಯ್ತದಾ ಅಂದರು.

ಆ ಫಲಿತಾಂಶ ಯಾವ ಡಿಗ್ರಿಗೂ ಆಗಲಿಲ್ಲ. ಮೇಡಂ ಅದನ್ನು ಬೇಗೂರಿನವರಿಗೆ ಹೇಳಿಕೊಟ್ಟರು, ಅವರು ತಮ್ಮಂಥ ಇನ್ನು ಕೆಲವರಿಗೆ ಹೇಳಿದರು. ರಜೆ ದಿನಗಳಲ್ಲಿ ಮೇಡಂ ಬಸ್ಸಿನಲ್ಲಿ ಹೋಗಿ, ಕೊಳದ ದಡದಲ್ಲಿ ಕೂತು, ಎಷ್ಟು ಬೆರೆಸಬೇಕು, ಹೆಚ್ಚಾದರೆ ಮೀನು ಯಾಕೆ ಮೂಸಿ ನೋಡಿ ಬಿಟ್ಟುಬಿಡುತ್ತದೆ ಅಂತೆಲ್ಲ ಹೇಳಿ ಬರುತ್ತಿದ್ದರು. ಅರಿಶಿನ ಆಯಿತು, ಶುಂಠಿ ಆಯಿತು, ಅಮೃತಬಳ್ಳಿ ಆಯಿತು. ಅವರ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಗೇಟಿನ ಪಕ್ಕದ ಗೋಡೆ ಹಾಗೇ ಖಾಲಿ ಇತ್ತು. ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡು ಸಾವಿರದ ನಂತರದ ಒಂದು ವರ್ಷ ಅವರು ನಿವೃತ್ತರಾದರು. ಕಾಲೇಜಿನಲ್ಲಿ ಬೀಳ್ಕೊಡುಗೆ. ನೀವೂ ಅಮ್ಮನೂ ಬರಲೇಬೇಕು ಅಂತ ಆಟೋ ಕಳಿಸಿದ್ದರು. ಅಮ್ಮನಿಗೆ ಆಗ ಎಂಬತ್ತರ ಹತ್ತಿರ. ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತರು. ವೇದಿಕೆ ಮೇಲೆ ಮೇಡಂ ಗಂಧದ ಹಾರ ಹಾಕಿಸಿಕೊಂಡು, ಎಲ್ಲಿ ನೋಡಬೇಕೋ ಗೊತ್ತಾಗದೆ ಚಪ್ಪಲಿ ನೋಡಿಕೊಂಡು ಕೂತಿದ್ದರು. ಅವರ ವಿಭಾಗದ ಒಬ್ಬ ಲೆಕ್ಚರರ್ ಮೈಕ್ ಹಿಡಿದು ಹೊಗಳಿದ, ಹೊಗಳುತ್ತಾ ಹೊಗಳುತ್ತಾ ತಮಾಷೆಗೆ ಇಳಿದ. "ನಮ್ಮ ಮೇಡಂ ಇಷ್ಟೊತ್ತಿಗೆ ಡಾಕ್ಟರ್ ಆಗ್ಬೇಕಿತ್ತು. ಯಾಕಾಗಲಿಲ್ಲ ಗೊತ್ತಾ? ಯಾವ ತೊಟ್ಟಿಗೆ ಯಾವ ಮೇವು ಹಾಕಿದೀನಿ ಅಂತ ಅವರಿಗೇ ಮರೆತೋಗಿತ್ತಂತೆ! ಎಲ್ಲಾ ಕಲಸಿ ಹಾಕ್ಬಿಟ್ಟಿದ್ರಂತೆ!"

ಹಾಲ್ ಪೂರ್ತಿ ನಕ್ಕಿತು. ಮೇಡಮ್ಮೂ ನಕ್ಕರು. ನನಗೆ ಮೈ ಉರಿಯಿತು. ಪಕ್ಕದಲ್ಲಿ ಕೂತಿದ್ದ ಲೆಕ್ಚರರ್ ಹೆಂಗಸನ್ನು, ಇದೇನ್ರೀ ಹೀಗಂತಾರೆ ಅಂತ ಕೇಳಿದೆ.

"ಅಯ್ಯೋ, ಹಳೇ ಕತೆ. ನಿಮಗ್ ಗೊತ್ತಿಲ್ವಾ?" ಅಂದರು ಆಕೆ. "ಬೇರೆ ಯಾರೋ ಕೈಯಾಡಿಸಿ ಹಾಳಾಯ್ತು ಅಂತ ಒಂದು ಮಾತು ಬರ್ಕೊಟ್ಟಿದ್ರೆ ಯೂನಿವರ್ಸಿಟಿಯವರು ಇನ್ನೊಂದು ವರ್ಷ ಕೊಡ್ತಿದ್ರು. ಗೈಡ್ ಎಷ್ಟು ಕೇಳಿದ್ರಂತೆ, ಯಾರಾದ್ರೂ ಮಾಡಿದ್ರಾ ಹೇಳಿ ಅಂತ. ಇಲ್ಲ, ನನ್ನದೇ ಅಜಾಗರೂಕತೆ ಅಂದ್ಬಿಟ್ರಂತೆ. ತಾನೇ ತಪ್ಪು ಮಾಡಿದೀನಿ ಅಂದ್ರೆ ಯಾರು ಟೈಮ್ ಕೊಡ್ತಾರೆ? ಅವತ್ತಿಂದ ಏನೇ ಎಡವಟ್ಟಾದ್ರೂ ಇಲ್ಲಿ ಅವರ ತೊಟ್ಟಿ ಕತೇನೇ ಹೇಳ್ತಾರೆ."

ಅಮ್ಮನ ಕಿವಿ ಚುರುಕು. ವೇದಿಕೆಯಲ್ಲಿ ಹೇಳಿದ್ದೂ ಕೇಳಿಸಿತ್ತು, ಪಕ್ಕದಲ್ಲಿ ಹೇಳಿದ್ದೂ ಕೇಳಿಸಿತ್ತು. ನನ್ನ ಭುಜ ಹಿಡಿದುಕೊಂಡು ಎದ್ದು ನಿಂತರು. ಬೇಡಮ್ಮ ಅಂತ ಸೆರಗು ಎಳೆದೆ. ನನ್ನ ಕೈ ತಳ್ಳಿದರು.

"ರೀ ಸ್ವಾಮಿ, ಮೈಕಿನೋರೆ," ಅಂದರು. ಊಟದ ಮನೆಯಲ್ಲಿ ಕೂಗಿ ರೂಢಿಯಾದ ಗಂಟಲು, ಮೈಕೇ ಬೇಕಾಗಲಿಲ್ಲ. "ಅವರು ಮರೀಲಿಲ್ಲ. ಅವರು ಕಲಸ್ಲಿಲ್ಲ. ಹಾಕಿದ್ದು ನಾನು. ದಿನಾ ಅವರು ಬಸ್ ಹತ್ತಿದ ಮೇಲೆ ಹೋಗಿ ಹಾಕ್ತಿದ್ದೋಳು ನಾನು. ನಗೋದಾದ್ರೆ ನನ್ನ ನೋಡಿ ನಗಿ."

ಯಾರೂ ನಗಲಿಲ್ಲ. ಮೇಡಂ ಹಾರ ಹಾಕಿಕೊಂಡೇ ಮೆಟ್ಟಿಲಿಳಿದು ಬಂದು ಅಮ್ಮನ ಎರಡೂ ಕೈ ಹಿಡಿದುಕೊಂಡರು. ಕೂತ್ಕೊಳಿ ಅಮ್ಮ, ಕೂತ್ಕೊಳಿ ಅಂದರು. ಅಮ್ಮ ಕೂರಲಿಲ್ಲ.

"ಒಂದು ಮಾತು ನನ್ನ ಹೆಸರು ಹೇಳಿದ್ರೆ ಡಾಕ್ಟ್ರು ಆಗ್ತಿದ್ರಲ್ಲ ತಾಯಿ. ಯಾಕೆ ಹೇಳ್ಲಿಲ್ಲ?"

"ಹೇಳ್ಬಹುದಿತ್ತು," ಅಂದರು ಮೇಡಂ. "ಹೇಳಿದ್ರೆ, ಆಮೇಲೆ ನೀವು ಯಾರಿಗೂ ಧೈರ್ಯವಾಗಿ ಬಡಿಸ್ತಿರಲಿಲ್ಲ ಅಮ್ಮ."